ಶೇರ್ ಮಾಸ್ತರನ ಎಮ್ಮೆ

ನಮ್ಮ ನಾಗಣಸೂರಿನ ಕಡೆ ರೈತರ ಮನೆಗೆ ಮೊದಲು ಬಂದ ಶೇರುಗಳು ಸಹಕಾರಿ ಸಕ್ಕರೆ ಕಾರಖಾನೆಯವು. 1950ರ ಹೊತ್ತಿಗೆ ಅಹಮದನಗರ ಜಿಲ್ಲೆಯ ಪ್ರವರಾ ಭಾಗದಲ್ಲಿ ವಿಠ್ಠಲರಾವ್ ವಿಖೆ ಪಾಟೀಲರು ಸುರು ಮಾಡಿದ ಪದ್ಧತಿ ಅದು. ಮುಂದೆ ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲೂ ಕಬ್ಬು ಕಂಡಲ್ಲೆಲ್ಲ ಚಿಮಣಿ ಎದ್ದವು. ಶೇರು ತೊಗೊಂಡ ರೈತ ಕಾರಖಾನೆಯ ಸಭಾಸದ ಆಗುತ್ತಾನೆ, ಅವನ ಕಬ್ಬು ನುರಿಯುತ್ತದೆ, ದೀಪಾವಳಿಗೆ ಸವಲತ್ತಿನ ದರದಲ್ಲಿ ಒಂದಿಷ್ಟು ಸಕ್ಕರೆ ಸಿಗುತ್ತದೆ. ಆ ಶೇರಿಗೆ ದಿನದ ಭಾವ ಇಲ್ಲ. ಟಿವಿಯ ಕೆಳಗೆ ಕೆಂಪು-ಹಸಿರು ಪಟ್ಟಿಯಾಗಿ ಅದು ಓಡುವುದಿಲ್ಲ. ನಮ್ಮಪ್ಪ ಅಂಥದೊಂದು ಕಾಗದವನ್ನು ಟ್ರಂಕಿನಲ್ಲಿ, ಹೊಲದ ಸಾತಬಾರಾ ಉತಾರದ ಕೆಳಗೆ ಇಟ್ಟಿದ್ದ. ಸಾಯುವತನಕ ಅದನ್ನು ಮಾರುವ ವಿಚಾರ ಮಾಡಲಿಲ್ಲ. ಮಾರುತ್ತೇನೆಂದರೆ ಬಜಾರವೇ ಇರಲಿಲ್ಲ ಅನ್ನುವುದು ಬೇರೆ ಮಾತು. ಆದರೂ ಹೂಡಿಕೆಯ ಪುಸ್ತಕಗಳಲ್ಲಿ ಬರುವ ಆದರ್ಶ ಪುರುಷ ನಮ್ಮ ವಂಶದಲ್ಲಿ ಅವನೊಬ್ಬನೇ. ಅವನ ಗುಣವೂ ಸಕ್ಕರೆಯ ಹಾಗೆ ಸವಲತ್ತಿನಲ್ಲಿ ಮಕ್ಕಳಿಗೆ ಸಿಗುವಂತಿದ್ದರೆ ನಾನು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಾನು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಮಾಸ್ತರ. ಮಹಾರಾಷ್ಟ್ರ ಸರಕಾರ 2005ರ ನವೆಂಬರ್ 1ರಿಂದ ಮುಂದೆ ನೌಕರಿಗೆ ಸೇರುವವರಿಗೆ ಹಳೆಯ ಪೆನ್ಶನ್ ಇಲ್ಲ ಅಂದಿತು. ನನ್ನ ಆರ್ಡರು ಬಂದದ್ದು ಆಮೇಲೆ. ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’ ಎಂಬ ಹೆಸರು, ತಿಂಗಳಿಗೆ 3,000 ರೂಪಾಯಿ ಮಾನಧನ. ಅದೇ ಶಾಲೆಯ ಹಿರಿಯ ಮಾಸ್ತರರು ನಿವೃತ್ತರಾಗಿ, ಪೆನ್ಶನ್ನಿನಲ್ಲಿ ಮೊಮ್ಮಕ್ಕಳಿಗೆ ಸೈಕಲ್ ಕೊಡಿಸಿ, ಸಂಜೆ ಸ್ಟೇಶನ್ನಿನ ಕಟ್ಟೆಯ ಮೇಲೆ ಕೂತು ವಾಡಿ ಕಡೆಯಿಂದ ಬರುವ ಗಾಡಿ ಎಣಿಸುತ್ತಿದ್ದರು. ನನಗೆ ಆ ಕಟ್ಟೆ ಸಿಗುವ ಲಕ್ಷಣ ಇರಲಿಲ್ಲ. 2023ರ ಮಾರ್ಚಿನಲ್ಲಿ ರಾಜ್ಯದ ನೌಕರರೆಲ್ಲ ‘ಏಕಚ್ ಮಿಶನ್, ಜುನಿ ಪೆನ್ಶನ್’ (ಒಂದೇ ಗುರಿ, ಹಳೆಯ ಪೆನ್ಶನ್) ಅಂತ ಬರೆದ ಟೊಪ್ಪಿಗೆ ಹಾಕಿಕೊಂಡು ಸಂಪು ಹೂಡಿದಾಗ ನಾನೂ ಕೂಗಿದೆ. ಆದರೆ ಅದಕ್ಕೆ ಹತ್ತು ವರ್ಷ ಮೊದಲೇ ನನ್ನ ಮುಪ್ಪಿಗೆ ನಾನೇ ದಾರಿ ಹುಡುಕಿಕೊಂಡಿದ್ದೆ. ದಾರಿ ಸರಿಯಿತ್ತು, ನಡೆಯುವವನು ನಾನು.

ಪುಣೆಯಲ್ಲಿರುವ ಹೆಂಡತಿಯ ತಮ್ಮ ಒಂದು ದಸರೆಗೆ ಬಂದವನು ನನಗೆ ಡಿಮ್ಯಾಟ್ ಖಾತೆಯ ಫಾರ್ಮು ತಂದುಕೊಟ್ಟ. ಆಗಿನ್ನೂ ಮೊಬೈಲಿನಲ್ಲಿ ಹತ್ತು ನಿಮಿಷದಾಗ ಖಾತೆ ತೆರೆಯುವ ಕಾಲ ಅಲ್ಲ. ಎಲ್ಲೆಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದ್ದಾರೋ ಅಲ್ಲೆಲ್ಲ ಸಹಿ ಮಾಡಬೇಕು. ನಾನು ಮಕ್ಕಳ ಹಾಜರಿಪಟಕ್ಕೂ ಅಷ್ಟು ಸಹಿ ಮಾಡಿದವನಲ್ಲ. ಫಾರ್ಮಿನ ಜೊತೆ ಅವನು ಪೀಟರ್ ಲಿಂಚ್ ಎಂಬ ಅಮೆರಿಕದ ಫಂಡ್ ಮ್ಯಾನೇಜರ್ ಬರೆದ ಪುಸ್ತಕ ಕೊಟ್ಟು, “ದಾಜಿ, ಎರಡೇ ಮಾತು. ಕಣ್ಣಿಗೆ ಕಾಣೂ ಧಂದೆದಾಗ ರೊಕ್ಕ ಹಾಕ್ರಿ. ಹಾಕಿ ಮರತುಬಿಡ್ರಿ” ಅಂದ. ಮೊದಲ ಮಾತು ನನಗೆ ತಿಳಿಯಿತು.

ಗುರುವಾಗಲಿಕ್ಕೆ ಶೇರು ಇರಬೇಕೆಂದೇನಿಲ್ಲ. ಖಾತೆಯ ನಂಬರು ಬರುವ ಮೊದಲೇ ನಾನು ಊರಿನ ಹಿಟ್ಟಿನ ಗಿರಣಿಯಲ್ಲಿ ಪ್ರವಚನ ಸುರು ಮಾಡಿದ್ದೆ. ಗಿರಣಿ ಮಾಮಾನ ಅಂಗಡಿ ನಮ್ಮ ಊರಿನ ಆಕಾಶವಾಣಿ. ಜೋಳ ಬೀಸಲಿಕ್ಕೆ ಬಂದವರು ಸರತಿಯಲ್ಲಿ ಡಬ್ಬಿ ಇಟ್ಟು ಕೂತಿರುತ್ತಾರೆ, ಎದ್ದು ಹೋಗುವಂತಿಲ್ಲ. ಮಾಸ್ತರಿಕೆ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ವರ್ಗ ಎಲ್ಲಿ ಸಿಗಬೇಕು?

ಖಾನದೇಶದ ಅಮಳನೇರಿನ ಕತೆ ಹೇಳಿದೆ. 1945ರಲ್ಲಿ ಅಲ್ಲಿ ಒಂದು ವನಸ್ಪತಿ ತುಪ್ಪದ ಕಾರಖಾನೆ ಸುರುವಾಯಿತು, ಊರವರು ಸ್ವಲ್ಪ ಸ್ವಲ್ಪ ಶೇರು ತೊಗೊಂಡರು. 1966ರಲ್ಲಿ ಮಾಲಕರು ತೀರಿಕೊಂಡಾಗ ಅವರ 21 ವರ್ಷದ ಮಗ ಅಜೀಂ ಪ್ರೇಮ್‌ಜಿ ಅಮೆರಿಕದ ಓದು ಬಿಟ್ಟು ಬಂದು ಕಾರಭಾರ ಹಿಡಿದರು. ಆ ತುಪ್ಪದ ಕಂಪನಿಯೇ ಇವತ್ತಿನ ವಿಪ್ರೊ. ಶೇರು ಹಿಡಿದುಕೊಂಡು ಕೂತ ಅಮಳನೇರಿನ ಸಾದಾ ಮಂದಿ ಕೋಟ್ಯಧೀಶರಾದರು.

“ಅವರ‍್ಯಾಕ ಮಾರಲಿಲ್ಲ ಮಾಸ್ತರ್?” ಮಾಮಾ ಕಲ್ಲಿನ ಸದ್ದಿನ ಮೇಲೆ ಕೂಗಿ ಕೇಳಿದರು.

“ತಾಳ್ಮೆ ಮಾಮಾ, ತಾಳ್ಮೆ!” ನಾನೂ ಕೂಗಿದೆ.

“ತಾಳ್ಮಿ ಎಲ್ಲಿದು ತರ‍್ತೀರಿ. ಕಾಗದ ಎಲ್ಲಿಟ್ಟೀವಿ ಅಂತ ಹುಡುಕಲಿಕ್ಕೆ ಬ್ಯಾಸರಾಗಿರಬೇಕು.”

ಸರತಿಯಲ್ಲಿದ್ದ ಹೆಣ್ಣುಮಕ್ಕಳು ನಕ್ಕರು. ನಾನು ಜಗ್ಗಲಿಲ್ಲ. ಮರುದಿನ ಶಾಲೆಯಲ್ಲಿ ಏಳನೇ ವರ್ಗದ ಹುಡುಗರಿಗೆ ಇನ್ಫೋಸಿಸ್ಸಿನ ಲೆಕ್ಕ ಹಾಕಿದೆ. 1993ರ ಫೆಬ್ರವರಿಯಲ್ಲಿ ಆ ಕಂಪನಿ 95 ರೂಪಾಯಿಗೆ ಒಂದರಂತೆ ಶೇರು ಮಾರಲಿಕ್ಕೆ ಬಂದಾಗ ಕೊಳ್ಳುವವರು ಸಾಲದೆ ಒಂದು ಅಮೆರಿಕದ ಬ್ಯಾಂಕು ಉಳಿದದ್ದನ್ನು ತೊಗೊಳ್ಳಬೇಕಾಯಿತು. ಆವಾಗ 9,500 ರೂಪಾಯಿ ಕೊಟ್ಟು 100 ಶೇರು ತೊಗೊಂಡು ಸುಮ್ಮನೆ ಕೂತವನಿಗೆ ಬೋನಸ್ಸು ಬಂದು, ಶೇರು ಒಡೆದು ಎರಡಾಗಿ, ಮತ್ತೆ ಬೋನಸ್ಸು ಬಂದು ಏನಾಗುತ್ತದೆ? ಬೋರ್ಡಿನ ತುಂಬ 200, 400, 800, 1,600 ಎಂದು ಬರೆದು, 2004ರಲ್ಲಿ ಒಂದಕ್ಕೆ ಮೂರು ಬೋನಸ್ಸು ಸಿಕ್ಕಿದ್ದಕ್ಕೆ 6,400ಕ್ಕೆ ಹಾರಿ, 2006ಕ್ಕೆ 12,800ಕ್ಕೆ ಮುಟ್ಟಿಸಿದೆ. (ಮುಂದೆ 2014, 2015, 2018ರಲ್ಲಿ ಮತ್ತೆ ಮೂರು ಸಲ ದುಪ್ಪಟ್ಟಾಗಿ ಅದು 1,02,400 ಆಯಿತು; ಪ್ರತಿ ಸಲವೂ ನಾನು ಬೋರ್ಡು ಅಳಿಸಿ ಹೊಸ ಅಂಕಿ ಬರೆದೆ. ಅಷ್ಟೇ ನನ್ನ ಪಾಲು.) ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿ, “ಸರ್, ನಿಮ್ಮ ಹತ್ರ ಎಷ್ಟ ಅವ್ರಿ?” ಅಂದ. ಲೆಕ್ಕ ಬಿಟ್ಟು ಬೇರೆ ಪ್ರಶ್ನೆ ಕೇಳುವ ಹುಡುಗರನ್ನು ನಾನು ಪ್ರೋತ್ಸಾಹಿಸುವುದಿಲ್ಲ.

ಕಣ್ಣಿಗೆ ಕಾಣುವ ಧಂದೆ ಕಂಡದ್ದು 2013ರಲ್ಲಿ, ಸೊಲ್ಲಾಪುರದ ಹೋಟಗಿ ರಸ್ತೆಯಲ್ಲಿ. ಹೆಂಡತಿಯ ಹಲ್ಲಿನ ಡಾಕ್ಟರರು ಆ ಕಡೆ. ಆಸರಾ ಚೌಕದ ಹತ್ತಿರ ರಿಕ್ಷಾದಿಂದ ತಲೆ ಹೊರಗೆ ಹಾಕಿದರೆ ಬಾಲಾಜಿ ಎಂದು ಬರೆದ ದೊಡ್ಡ ಇಮಾರತು. ಅದೇ ರಸ್ತೆಗೆ ಅದೇ ಹೆಸರಿನ ಪಂಚತಾರಾ ಥಾಟಿನ ಹೊಸ ಹೋಟೆಲು. ಅದರ ಮುಂದೆ ನಿಂತ ಕಾರುಗಳನ್ನು ನೋಡಿ ನನ್ನೊಳಗಿನ ಲಿಂಚ್ ಎಚ್ಚೆತ್ತ. ಹೆಸರು ತಿರುಪತಿ ತಿಮ್ಮಪ್ಪನದು, ಧಂದೆ ಊಟ-ವಸತಿಯದು, ಎರಡಕ್ಕೂ ನಮ್ಮ ದೇಶದಲ್ಲಿ ಗಿರಾಕಿ ತಪ್ಪುವುದಿಲ್ಲ. ಹಲ್ಲು ಕಿತ್ತಿಸಿಕೊಂಡ ಹೆಂಡತಿ ಬಾಯಿಯಲ್ಲಿ ಹತ್ತಿ ಇಟ್ಟುಕೊಂಡಿದ್ದಳು, ಅಡ್ಡಮಾತು ಬರಲಿಲ್ಲ. ಮನೆಗೆ ಬಂದು ಐವತ್ತರ ಒಳಗಿನ ಬೆಲೆಗೆ ಬಾಲಾಜಿ ಅಮೈನ್ಸ್‌ನ 500 ಶೇರು ತೊಗೊಂಡೆ. ಇಪ್ಪತ್ತು ಸಾವಿರ ಚಿಲ್ಲರೆ ಹೋಯಿತು. ‘ಅಮೈನ್ಸ್’ ಅಂದರೆ ಹೋಟೆಲಿನ ಸವಲತ್ತುಗಳಿಗೆ ಇಂಗ್ಲಿಷಿನಲ್ಲಿ ಹಾಗೆ ಅನ್ನುತ್ತಾರೆಂದು ನಾನು ತಿಳಿದಿದ್ದೆ.

ವಾರ್ಷಿಕ ವರದಿ ಬಂದಾಗ ಗೊತ್ತಾಯಿತು, ಅಮೈನು ಅಂದರೆ ಅಮೋನಿಯಾ ಕಟ್ಟಿಕೊಂಡು ಮಾಡುವ ರಾಸಾಯನಿಕ. 1988ರಲ್ಲಿ ಹುಟ್ಟಿದ ಕಂಪನಿ, ತುಳಜಾಪುರದ ದಾರಿಯ ತಾಮಲವಾಡಿಯಲ್ಲೂ ಮೊಹೋಳ ಕಡೆಯ ಚಿಂಚೋಳಿ ಎಂಐಡಿಸಿಯಲ್ಲೂ ಕಾರಖಾನೆ. ಔಷಧ, ಕೀಟನಾಶಕದ ಕಂಪನಿಗಳಿಗೆ ಇವರ ಮಾಲು ಬೇಕು. ಹೋಟೆಲು ಬರೀ ಜೋಡುಧಂದೆ. ಆಮೇಲೆ ಇನ್ನೊಂದು ತಿಳಿಯಿತು: ಅವರು ಮಾಡುವ ಒಂದು ಪುಡಿ ಮೆಟ್‌ಫಾರ್ಮಿನ್ ಮಾತ್ರೆಗೆ ಕಚ್ಚಾಮಾಲು. ಮೆಟ್‌ಫಾರ್ಮಿನ್ ನಮ್ಮವ್ವ ಊಟದ ಸಂಗಾಟ ದಿನಾ ನುಂಗುವ ಸಕ್ಕರೆ ಬ್ಯಾನಿಯ ಗುಳಿಗೆ. ಅಪ್ಪನ ಶೇರು ಮನೆಗೆ ಸಕ್ಕರೆ ತಂದಿತ್ತು. ಮಗನ ಶೇರು ಅದನ್ನು ಇಳಿಸುವ ಕೆಲಸ ಹಿಡಿಯಿತು. ತಿಳಿಯದೆ ತೊಗೊಂಡದ್ದಕ್ಕೆ ಇಷ್ಟು ದೊಡ್ಡ ಕಾರಣ ಸಿಕ್ಕಮೇಲೆ ಬಿಡುವುದುಂಟೇ? ಗಿರಣಿಗೆ ಹೋಗಿ, ಆರು ತಿಂಗಳು ಕಂಪನಿಯ ಲೆಕ್ಕಪತ್ರ ತಿರುವಿ ಹಾಕಿ ಆರಿಸಿದ ಶೇರು ಇದು ಎಂದು ಹೇಳಿದೆ.

ಮಾಮಾ ಹಿಟ್ಟು ಹತ್ತಿದ ಹುಬ್ಬು ಏರಿಸಿ ಕೇಳಿದರು. “ನೀವು ಎಷ್ಟ ವರ್ಷ ಇಟಗೋತೀರಿ?”

“ಇಪ್ಪತ್ತು ವರ್ಷ ಕೈ ಹಚ್ಚಂಗಿಲ್ಲ. ವಾರೆನ್ ಬಫೆಟ್ ಅನ್ನೂ ಮುದುಕ ಅದಾನ ಮಾಮಾ. ಒಳ್ಳೆ ಶೇರು ಎಷ್ಟ ದಿನ ಹಿಡೀಬೇಕು ಅಂದ್ರ, ಕಾಯಂ ಅಂತಾನ. ಅವನ ಆಸ್ತಿ ಬಹಳಷ್ಟು ಬಂದದ್ದ ಅರವತ್ತು ದಾಟಿದ ಮ್ಯಾಲೆ.”

“ಹಂಗಾರ ನನಗೂ 200 ತಗೀರಿ. ಬಾಲಾಜಿ ಅಂದಮ್ಯಾಲೆ ಹುಂಡಿಗಿ ಹಾಕಿದಂಗ. ಹುಂಡಿಗಿ ಹಾಕಿದ್ದು ಯಾರರೆ ಎಣಿಸ್ತಾರ?”

ಎಣಿಸುವವನು ನಾನಿದ್ದೆ. ಬೆಳಿಗ್ಗೆ 9 ಗಂಟೆ 15 ನಿಮಿಷಕ್ಕೆ ಬಜಾರ ತೆರೆಯುತ್ತದೆ, ಮಧ್ಯಾಹ್ನ 3:30ಕ್ಕೆ ಮುಚ್ಚುತ್ತದೆ. ನಡುವೆ ಶಾಲೆ ಅನ್ನುವುದೊಂದು ಅಡಚಣಿ. ಸಣ್ಣ ಸೂಟಿಯಲ್ಲಿ ಬಾವಿಕಟ್ಟೆಯ ಮೇಲೆ ಹತ್ತಿದರೆ ಮೊಬೈಲಿಗೆ ರೇಂಜು ಸಿಗುತ್ತಿತ್ತು. ನನ್ನ ತಾಳ್ಮೆಯ ಸ್ವಭಾವ ಆಗ ನನಗೇ ಸ್ಪಷ್ಟವಾಗತೊಡಗಿತು. ಬೆಲೆ ಇಳಿದ ದಿನ ‘ಇರಲಿ, ಇಪ್ಪತ್ತು ವರ್ಷದ ಮಾತು’ ಎಂದು ಸಮಾಧಾನವಾಗಿರುತ್ತಿದ್ದೆ. ಏರಿದ ದಿನ ಇಪ್ಪತ್ತು ವರ್ಷ ಸಣ್ಣದಾಗಿ ಐದು ಆಗುತ್ತಿತ್ತು, ಇನ್ನೂ ಏರಿದರೆ ಎರಡು. 2014ರ ಮೇ ತಿಂಗಳಲ್ಲಿ ಲೋಕಸಭೆಯ ಫಲಿತಾಂಶ ಬಂದು ಇಡೀ ಬಜಾರವೇ ಕುಣಿಯತೊಡಗಿದಾಗ ನನ್ನ ದೀರ್ಘಾವಧಿ ಬರುವ ಸೋಮವಾರದ ಹತ್ತಿರ ಬಂದು ನಿಂತಿತ್ತು.

ಆ ಮಳೆಗಾಲದಲ್ಲಿ ಬೆಲೆ ನಾನು ಕೊಟ್ಟದ್ದರ ಹತ್ತಿರ ಹತ್ತಿರ ಎರಡರಷ್ಟಾಯಿತು. ಅದೇ ವಾರ ಹೆಂಡತಿಯ ತವರಿನ ಕಡೆಯವರೊಬ್ಬರು ಪಂಢರಪುರಿ ಎಮ್ಮೆ ಮಾರುವವರಿದ್ದರು. ಪಂಢರಪುರಿ ಎಮ್ಮೆ ನೋಡಿದವರಿಗೆ ಗೊತ್ತು. ತಲ್ವಾರದಂಥ ಕೋಡು ಹೆಗಲು ದಾಟಿ ಹಿಂದಕ್ಕೆ ಹೋಗಿರುತ್ತವೆ, ನಮ್ಮ ಬರಗಾಲದ ಕಣಕಿಯನ್ನೂ ತಿಂದು ಹಾಲು ಕೊಡುತ್ತದೆ. “ಮೊಬೈಲಿನಾಗಿನ ರೊಕ್ಕ ಹಾಲು ಕೊಡತಾವೇನ್ರಿ?” ಅಂದಳು ಹೆಂಡತಿ. ಬಫೆಟ್ಟನ ಪತ್ರಗಳಲ್ಲಿ ಈ ಪ್ರಶ್ನೆಗೆ ಉತ್ತರ ಇರಬಹುದು, ನನಗೆ ಹೊಳೆಯಲಿಲ್ಲ. ಅಷ್ಟೂ 500 ಮಾರಿದೆ. ಎಮ್ಮೆ ಬಂತು. ಹೆಂಡತಿ ಅದಕ್ಕೆ ಕುಂಕುಮ ಹಚ್ಚಿ ಲಕ್ಷ್ಮಿ ಅಂತ ಹೆಸರಿಟ್ಟಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆದಾಯ ತೆರಿಗೆಯವರು ದೀರ್ಘಾವಧಿ ಅನ್ನುವುದಕ್ಕೆ ಬಫೆಟ್ಟನಷ್ಟು ಕಠಿಣ ಅಲ್ಲ. ಶೇರು ಒಂದು ವರ್ಷ ಹಿಡಿದರೆ ಸಾಕು, ಅವರ ಪುಸ್ತಕದಲ್ಲಿ ನೀವು ದೀರ್ಘಾವಧಿಯ ಹೂಡಿಕೆದಾರರು. ಆ ಕಾಲಕ್ಕೆ ಅಂಥವರ ಲಾಭಕ್ಕೆ ತೆರಿಗೆಯೇ ಇರಲಿಲ್ಲ. ವರ್ಷದೊಳಗೆ ಮಾರಿದವರಿಗೆ ಶೇ. 15. ನಾನು ವರ್ಷ ತುಂಬಲಿಕ್ಕೆ ಕೆಲವು ವಾರ ಇರುವಾಗ ಮಾರಿದ್ದೆ. ಇಪ್ಪತ್ತು ವರ್ಷದ ವ್ರತ ಹಿಡಿದವನು ಭಾರತ ಸರಕಾರಕ್ಕೂ ದೀರ್ಘಾವಧಿಯವನು ಅಂತ ಕಾಣಲಿಲ್ಲ.

ತೆರಿಗೆ ಕಟ್ಟಿದ್ದು ಕಷ್ಟವೆನಿಸಲಿಲ್ಲ. ಕಷ್ಟವಿದ್ದದ್ದು ಗಿರಣಿಗೆ ಹೋಗುವುದು. ‘ಮಾರಬಾರದು’ ಎಂದು ಊರಿಗೆಲ್ಲ ಹೇಳಿ ನಾನೇ ಮಾರಿದೆ ಅನ್ನಲಿಕ್ಕೆ ನಾಲಿಗೆ ಏಳಲಿಲ್ಲ. ಮಾಮಾ ಕೇಳಿದರು. “ಮಾಸ್ತರ್, ದುಪ್ಪಟ್ಟಾತಂತ? ಮಾರಲೇನ್ರಿ?” ಅವರು ಮಾರಿದರೆ ನಾನೂ ಮಾರಿದ್ದನ್ನು ಹೇಳಬೇಕಾದೀತು, ಹೇಳದಿದ್ದರೂ ಎಲ್ಲರ ಮುಂದೆ ಲೆಕ್ಕ ಬಂದೀತು. “ಬ್ಯಾಡ್ರಿ ಮಾಮಾ, ಹಿಡಕೊಂಡ ಕೂಡ್ರಿ” ಅಂದೆ. ಮಾಮಾ ತಲೆ ಅಲ್ಲಾಡಿಸಿ ಜೋಳ ಸುರಿದರು. ಅವರ ಮುಖದ ಮೇಲೆ ಒಂದು ಬಗೆಯ ನಗೆ ಕಂಡಿತು. ಗುರುವಿನ ಮೇಲಿನ ಭಕ್ತಿ ಇರಬೇಕು ಅಂದುಕೊಂಡೆ.

ಅಲ್ಲಿಂದ ಮುಂದೆ ಆ ಶೇರು ನನ್ನ ಕಣ್ಣ ಮುಂದೆಯೇ ಬೆಳೆಯಿತು. ನೂರು ದಾಟಿತು, ಇನ್ನೂರು, ಮುನ್ನೂರು. ಹೊಳ್ಳಿ ತೊಗೊಳ್ಳಬಹುದಿತ್ತು, ಹೋಟಗಿ ರಸ್ತೆ ಅಲ್ಲೇ ಇತ್ತು, ಇಮಾರತು ಅಲ್ಲೇ ಇತ್ತು. ಆದರೆ ನಾನು ಮಾರಿದ ಬೆಲೆಗೆ ಇಳಿಯಲಿ, ಆಗ ತೊಗೋತೀನಿ ಎಂದು ಪಟ್ಟು ಹಿಡಿದೆ. ನನ್ನ ಇಡೀ ಹೂಡಿಕೆಯ ಬದುಕಿನಲ್ಲಿ ತಾಳ್ಮೆ ಅಂತ ಏನಾದರೂ ಇದ್ದರೆ ಇಲ್ಲಿ ಮಾತ್ರ. ಮೂರು ಪಟ್ಟು ಮೇಲೆ ಹೋದ ಬೆಲೆ ನನಗೋಸ್ಕರ ಕೆಳಗೆ ಬರಲಿ ಎಂದು ವರ್ಷಗಟ್ಟಲೆ ಕಾದೆ. 2017ರ ಹೊತ್ತಿಗೆ ಐನೂರರ ಮೇಲೆ ಹೋದಾಗಲೂ ಕಾದೆ. ಈ ಏಕಾಗ್ರತೆಯನ್ನು ಶೇರು ಕೈಯಲ್ಲಿದ್ದಾಗ ತೋರಿಸಿದ್ದರೆ ಎಂದು ಹೆಂಡತಿಯ ತಮ್ಮ ಫೋನಿನಲ್ಲಿ ಅಂದ. ಅವನಿಗೆ ಹಬ್ಬಕ್ಕೆ ಹೋಳಿಗೆ ಕಳಿಸುವುದನ್ನು ಆ ವರ್ಷ ನಿಲ್ಲಿಸಿದೆ.

ಕಡೆಗೆ ಒಂದು ಸಲ ಅದು ಇಳಿಯಿತು. 2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, ನಮ್ಮ ಸ್ಟೇಶನ್ನಿನಲ್ಲಿ ಗಾಡಿ ನಿಂತವು. ಮರುದಿನ ಸೋಮವಾರ ಸೆನ್ಸೆಕ್ಸ್ ಒಂದೇ ದಿನಕ್ಕೆ 3,935 ಅಂಶ ಬಿತ್ತು, ಬೆಳಿಗ್ಗೆಯೇ ಶೇ. 10 ಇಳಿದು 45 ನಿಮಿಷ ಬಜಾರಕ್ಕೆ ಬೀಗ ಹಾಕಬೇಕಾಯಿತು. ಜನವರಿಯಲ್ಲಿ 42,000 ಇದ್ದ ಸೆನ್ಸೆಕ್ಸ್ 26,000ಕ್ಕೂ ಕೆಳಗೆ. ಮಾಮಾನ ಶೇರು ಇನ್ನೂರರ ಆಸುಪಾಸಿಗೆ ಬಂತು. ಮಾಸ್ಕ್ ಬದಲು ಹಿಟ್ಟಿನ ಟವೆಲು ಮುಖಕ್ಕೆ ಸುತ್ತಿಕೊಂಡಿದ್ದ ಮಾಮಾ ಗಿರಣಿಯ ಅರ್ಧ ಬಾಗಿಲು ತೆರೆದು ಕೇಳಿದರು. “ಮಾಸ್ತರ್, ಈಗರೆ ಮಾರಲೇನ್ರಿ?” ಅವರ ಹಿಂದೆ ಗೋಡೆಯ ಮೇಲೆ ಅಕ್ಕಲಕೋಟದ ಸ್ವಾಮಿ ಸಮರ್ಥರ ಕ್ಯಾಲೆಂಡರು. ನಮ್ಮ ಕಡೆ ಪ್ರತಿ ರಿಕ್ಷಾದ ಬೆನ್ನ ಮೇಲಿರುವ ಮಾತೇ ಅದರ ಮೇಲೂ ಇತ್ತು: ‘ಭಿವೂ ನಕೋಸ್, ಮೀ ತುಝ್ಯಾ ಪಾಠೀಶೀ ಆಹೇ’, ಅಂಜಬೇಡ, ನಿನ್ನ ಬೆನ್ನಿಗೆ ನಾನಿದ್ದೇನೆ. ಬೆರಳು ಆ ಕಡೆ ತೋರಿಸಿ ಬಂದುಬಿಟ್ಟೆ. ಜವಾಬ್ದಾರಿ ದೊಡ್ಡವರಿಗೆ ವಹಿಸುವುದು ಒಳ್ಳೆಯದು.

ನಾನೋ? ಬೆಲೆ ಇನ್ನೂರಕ್ಕೆ ಬಂದರೂ ನಾನು ಮಾರಿದ್ದು ನೂರರ ಒಳಗೆ. ಇನ್ನಷ್ಟು ಇಳಿಯುತ್ತದೆ ಎಂದು ಬಾವಿಕಟ್ಟೆಯ ಮೇಲೆ ಕಾದೆ. ಇಳಿಯಲಿಲ್ಲ. ಆರೇ ತಿಂಗಳಲ್ಲಿ ಅದು ಮೂರು ಪಟ್ಟು ಮೀರಿ ಏರಿತು. 2021ರ ಹಬ್ಬದ ದಿನಗಳಲ್ಲಿ 5,000 ದಾಟಿತು.

ಆ ಸಂಜೆ ಮನೆಯ ಅಂಗಳದಲ್ಲಿ ಲಕ್ಷ್ಮಿ ಮೆಲುಕು ಹಾಕುತ್ತ ನಿಂತಿತ್ತು. 500 ಶೇರು ಗುಣಿಸು 5,000. ನಾನು ಕಲಿಸುವ ಲೆಕ್ಕ, ಮಕ್ಕಳೂ ಬಾಯಲ್ಲೇ ಹೇಳುತ್ತಾರೆ. 25 ಲಕ್ಷದ ಎಮ್ಮೆ! ಮಹಾರಾಷ್ಟ್ರದಲ್ಲಿ, ಹರಿಯಾಣದ ಮುರ‍್ರಾ ಕೋಣಗಳನ್ನು ಬಿಟ್ಟರೆ ಇಡೀ ದೇಶದಲ್ಲಿ, ಇಷ್ಟು ಬೆಲೆಯ ಪ್ರಾಣಿಯ ಸಗಣಿ ಬಳಿಯುವ ಮಾಸ್ತರ ಇನ್ನೊಬ್ಬ ಇರಲಿಕ್ಕಿಲ್ಲ. ಅಂಕಿ ಹೆಂಡತಿಗೆ ಹೇಳಬಾರದಿತ್ತು, ಹೇಳಿದೆ. ಅವಳು ಗಾಬರಿಯಾಗಲಿಲ್ಲ. ಒಳಗಿನಿಂದ ಡೇರಿಯ ಹಾಲಿನ ಪುಸ್ತಕ ತಂದು ಮುಂದೆ ಇಟ್ಟಳು. ಲಕ್ಷ್ಮಿ ಹಾಕಿದ ಹೆಣ್ಣುಗರು ಈಗ ಎಮ್ಮೆ, ಅದರದೊಂದು ಕರು ಈಗ ಕಟ್ಟಲಿಕ್ಕೆ ಬಂದಿದೆ. ಎರಡರ ಹಾಲು ಡೇರಿಗೆ. ಮಗಳ ಹಾಸ್ಟೆಲ್ಲಿನ ಫೀ ಅದರಲ್ಲೇ ಹೋಗಿದೆ. “ನಾ ಒಂದ ಹೆಣ್ಣಗರಾ ಮಾರಿಲ್ಲರಿ ಈತನಕಾ” ಅಂದಳು. ಬಡ್ಡಿಗೆ ಬಡ್ಡಿ ಹುಟ್ಟುವುದನ್ನು ಮಕ್ಕಳಿಗೆ ಹೇಳಿಕೊಡುವ ಮನುಷ್ಯನ ಮನೆಯ ಹಿತ್ತಲಲ್ಲೇ ಅದು ಅಂಬಾ ಅನ್ನುತ್ತಿತ್ತು. ನಾನು ಅದನ್ನು ಬಾವಿಕಟ್ಟೆ ಹತ್ತಿ ಹುಡುಕಿದ್ದೆ. ಒಪ್ಪಿಕೊಂಡೆ ಅಂತ ಅಲ್ಲ. ಐದು ಸಾವಿರ ಅಂದರೆ ಐದು ಸಾವಿರವೇ.

ಮಾಮಾನ 200 ಶೇರು ಆಗ 10 ಲಕ್ಷ. ಮತ್ತೆ ಕೇಳಿದರು. ನಾನು ಮತ್ತೆ ಬ್ಯಾಡ ಅಂದೆ. ಈ ಸಲ ನಾಚಿಕೆ ಒಂದೇ ಕಾರಣ ಅಲ್ಲ. ಹತ್ತು ಲಕ್ಷ ಕೈಗೆ ಬಂದರೆ ಮಾಮಾ ಗಿರಣಿಯ ಮೇಲೆ ಮಾಡಿ ಎತ್ತುತ್ತಾರೆ, ನನ್ನ ಮನೆಯ ಕಿಟಕಿ ನೇರ ಅದರ ಎದುರಿಗೆ. ದಿನಾ ಬೆಳಗಾದರೆ ನನ್ನ ಉಪದೇಶದ ಆರ್‌ಸಿಸಿ ಸ್ಲ್ಯಾಬನ್ನು ನಾನು ನೋಡಬೇಕು. ಶಿಷ್ಯನ ಅಭ್ಯುದಯವನ್ನು ಇಷ್ಟು ಹತ್ತಿರದಿಂದ ನೋಡುವ ಶಕ್ತಿ ಎಲ್ಲ ಗುರುಗಳಿಗೂ ಇರುವುದಿಲ್ಲ.

ಆಮೇಲಿನ ಒಂದು ವರ್ಷವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಳೆದುಕೊಂಡ 25 ಲಕ್ಷವನ್ನು, ಅಂದರೆ ಎಂದೂ ಕೈಗೆ ಬರದಿದ್ದ 25 ಲಕ್ಷವನ್ನು, ಬೇಗ ಗಳಿಸುವ ಹಟದಿಂದ ನಾನು ಬೆಲೆಯ ಏರಿಳಿತದ ಮೇಲೆ ಬಾಜಿ ಕಟ್ಟುವ ಆಪ್ಶನ್ ಎಂಬುದಕ್ಕೆ ಇಳಿದೆ. ಇಲ್ಲಿ ಇಪ್ಪತ್ತು ವರ್ಷ ಇಲ್ಲ. ಆಗ ಗುರುವಾರ ಮಧ್ಯಾಹ್ನ ಎಲ್ಲ ತೀರ್ಮಾನ ಆಗುತ್ತಿತ್ತು. ಸರಕಾರಿ ನೌಕರರು ಸಟ್ಟಾ ಆಡಬಾರದು ಎಂದು ನೌಕರಿಯ ನಿಯಮ. ನಾನು ಆಡಿದ್ದನ್ನು ಆಟ ಅನ್ನುವುದೂ ಹೆಚ್ಚು, ಸೋತದ್ದು ಅನ್ನಬಹುದು. ಎರಡು ಎಮ್ಮೆಗಳ ಒಂದು ವರ್ಷದ ಹಾಲು ಹೋಯಿತು. 2024ರ ಸೆಪ್ಟೆಂಬರಿನಲ್ಲಿ ಶೇರು ಬಜಾರದ ಮೇಲೆ ಕಣ್ಣಿಡುವ ಸೆಬಿಯವರು ಲೆಕ್ಕ ಪ್ರಕಟಿಸಿದರು: ಮೂರು ವರ್ಷದಲ್ಲಿ ಈ ಬಾಜಿಗೆ ಇಳಿದ ಸಾಮಾನ್ಯರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿ ರೂಪಾಯಿ. ಏನೇ ಆದರೂ ಬಹುಮತದಲ್ಲಿರುವುದು ಸಮಾಧಾನದ ಸಂಗತಿ.

ಈ ನಡುವೆ ಬಾಲಾಜಿಯೂ ಇಳಿಯತೊಡಗಿತು. ರಾಸಾಯನಿಕದ ಬೆಲೆ ಬಿದ್ದವು, ಲಾಭ ಕಡಿಮೆಯಾಯಿತು, 5,000 ಇದ್ದದ್ದು ಕೆಲವೇ ವರ್ಷದಲ್ಲಿ ಮೂರನೆಯ ಒಂದು ಪಾಲಿಗೂ ಕೆಳಗೆ ಬಂತು. ಹಿಡಕೊಂಡ ಕೂಡ್ರಿ ಅನ್ನುವುದು ಮಂತ್ರ ಆಗಿದ್ದರೆ ಹೀಗೆ ಆಗಬಾರದಿತ್ತು. ಅಮಳನೇರಿನ ಕತೆ ಹೇಳುವಾಗ, ಅದೇ ಕಾಲಕ್ಕೆ ಶೇರು ಮಾರಿ ಮುಂದೆ ಮುಳುಗಿದ ಕಂಪನಿಗಳ ಕಾಗದ ಎಷ್ಟು ಟ್ರಂಕಿನಲ್ಲಿ ಉಳಿದಿವೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಸೊಲ್ಲಾಪುರದಲ್ಲಿ ಹುಟ್ಟಿದವನಿಗೆ ಅದು ಗೊತ್ತಿರಲಾರದೆ? ಒಂದು ಕಾಲಕ್ಕೆ ಇಡೀ ಊರಿಗೆ ಭೋಂಗಾ ಊದಿ ಎಬ್ಬಿಸುತ್ತಿದ್ದ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡವರು. ಎಷ್ಟು ದಿನ ಹಿಡಿದಿ ಅನ್ನುವುದರ ಜೊತೆ ಏನನ್ನು ಹಿಡಿದಿ ಅನ್ನುವ ಪ್ರಶ್ನೆಯೂ ಇದೆ. ಅದು ಕಷ್ಟದ ಪಾಠ. ಗಿರಣಿಯಲ್ಲಿ ಸರತಿ ಸಣ್ಣದಿದ್ದರೆ ಮುಗಿಯುವುದಿಲ್ಲ. ಆದ್ದರಿಂದ ಬಿಟ್ಟಿದ್ದೆ.

ಕಳೆದ ವರ್ಷ ಮಾಮಾ ಮನೆಗೇ ಬಂದರು. ಮಗಳ ಲಗ್ನ ಗಟ್ಟಿಯಾಗಿತ್ತು. ಅವರ 200 ಶೇರಿಗೆ ಆಗ ಮೂರು ಲಕ್ಷದ ಆಸುಪಾಸು. ಹತ್ತರಿಂದ ಇಳಿದದ್ದು ನಿಜ, ಹೋದದ್ದು ಮಾತ್ರ ಹತ್ತು ಸಾವಿರದೊಳಗೆ.

“ಮಾರ್ರಿ ಮಾಮಾ. ಲಗ್ನಕ್ಕ ಅಲ್ಲದ ಮತ್ಯಾತಕ್ಕ” ಅಂದೆ. ಮೊದಲ ಸಲ ಮನಸ್ಸಿನಿಂದ ಅಂದೆ.

“ಹಂಗಲ್ಲ. ನೀವೂ ನನ್ನ ಜೋಡಿ ಮಾರಬೇಕು. ನೀವು ಹಿಡಕೊಂಡು, ನಾ ಮಾರಿ, ನಾಳೆ ಅದು ಏರಿತಂದ್ರ ನನ್ನ ಎದಿ ಒಡೀತದ. ಇಬ್ಬರೂ ಕೂಡೇ ತಗೊಂಡೀವಿ, ಕೂಡೇ ಮಾರೂಣು. ಶುಕ್ರವಾರ ಗಿರಣಿಗಿ ಮೊಬೈಲ್ ತಗೊಂಡ ಬರ‍್ರಿ.”

ಮಾರಲಿಕ್ಕೆ ಇರಬೇಕಲ್ಲ! ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಪತಸಂಸ್ಥೆಯಿಂದ ಮೂವತ್ತು ಸಾವಿರ ಸಾಲ ತೆಗೆದು, ಐವತ್ತರ ಒಳಗೆ ತೊಗೊಂಡಿದ್ದ ಅದೇ ಶೇರನ್ನು ಮೂವತ್ತು ಪಟ್ಟು ಬೆಲೆಗೆ 20 ತೊಗೊಂಡೆ. ಈಗ ಒಂದೇ ದಿನಕ್ಕೆ ಖಾತೆಗೆ ಬರುತ್ತವೆ, ಶುಕ್ರವಾರದೊಳಗೆ ಬಂದವು. ಮೊಬೈಲಿನಲ್ಲಿ ಸಂಖ್ಯೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡು, ಹೆಸರಷ್ಟೇ ಕಾಣುವ ಹಾಗೆ ಹಿಡಿಯುವ ಅಭ್ಯಾಸವನ್ನು ಕನ್ನಡಿಯ ಮುಂದೆ ಮಾಡಿದೆ.

ಶುಕ್ರವಾರ ಗಿರಣಿಯಲ್ಲಿ ಸರತಿ ಇರಲಿಲ್ಲ. ಮಾಮಾ ಪಟ್ಟಾ ನಿಲ್ಲಿಸಿದರು. ಶೇರಿನ ಖಾತೆ ಕಾಯುವ ಸಿಡಿಎಸ್‌ಎಲ್‌ನ ಓಟಿಪಿ ಬರಲಿಕ್ಕೆ ರೇಂಜು ಸಾಲದೆ ಇಬ್ಬರೂ ಜೋಳದ ಚೀಲಗಳ ಮೇಲೆ ಹತ್ತಿ ನಿಂತೆವು. ಮೊದಲು ಮಾಮಾನದು. ಆರು ಅಂಕಿ ಒತ್ತಿದೆ, ಸೆಲ್ ಒತ್ತಿದೆ, 200 ಹೋದವು. ನನ್ನ ಹೆಬ್ಬೆರಳು ತನ್ನ ಜಾಗದಲ್ಲಿತ್ತು.

“ಈಗ ನಂದು” ಅಂದೆ, ಗಂಟಲು ಸರಿಮಾಡಿಕೊಂಡು.

ಮಾಮಾ ನನ್ನ ಕೈ ಹಿಡಿದರು. “ನೀವು ಮಾತ್ರ ಮಾರಬ್ಯಾಡ್ರಿ.”

“ಯಾಕ್ರಿ? ಕೂಡೇ ಮಾರೂಣು ಅಂದಿದ್ರಿ.”

“ಮಾಸ್ತರ್, ನೀವು ಐನೂರು ಮಾರಿ ಎಮ್ಮಿ ತಂದ ಮರುದಿನಾನ ನಿಮ್ಮ ಮನಿಯವರು ಜ್ವಾಳ ಬೀಸಲಿಕ್ಕೆ ಬಂದಿದ್ರು. ಇಲ್ಲೇ ಹೇಳ್ಯಾರ. ಇಡೀ ಸರತಿ ಕೇಳೇದ.”

ಹನ್ನೊಂದು ವರ್ಷ! ಚೀಲದ ಮೇಲೆ ನಿಂತವನಿಗೆ ಕೂಡಲಿಕ್ಕೂ ಆಗಲಿಲ್ಲ. “ಮತ್ತ... ಮಾರಲೇನ್ರಿ, ಮಾರಲೇನ್ರಿ ಅಂತ ಯಾಕ ಕೇಳ್ತಿದ್ರಿ?”

“ನಿಮ್ಮ ಮಾರಿ ನೋಡಲಿಕ್ಕೆ. ನೀವು ಮಾರೀರಿ ಅಂತ ಗೊತ್ತಾದಮ್ಯಾಲೆನ ನನಗ ಈ ಶೇರಿನ ಮ್ಯಾಲೆ ಧೈರ್ಯ ಬಂದದ್ದು. ಮನ್ನೆ ನಿಮ್ಮ ಮನಿಯವರು ಮತ್ತ ಬಂದಿದ್ರು. ಪತಸಂಸ್ಥೆದಾಗಿಂದು ಮೂವತ್ತು ಸಾವಿರ ತಗದು ಮತ್ತ ಅದೇ ಬಾಲಾಜಿಗಿ ಹಾಕ್ಯಾರ ಅಂತ ತಲಿ ಬಡಕೊಂಡ್ರು. ನೀವು ತಗೊಂಡೀರಿ ಅಂದಮ್ಯಾಲೆ ನಾ ಇನ್ನ ಇಟಗೊಂಡ್ರ ಹೆಂಗ?”

ಮಾಮಾ ಕೆಳಗಿಳಿದು ಪಟ್ಟಾ ಏರಿಸಿದರು. ಕಲ್ಲು ತಿರುಗತೊಡಗಿತು.

ಲಗ್ನಕ್ಕೆ ಹೋಗಿ ಊಟ ಮಾಡಿ ಬಂದೆ. 20 ಶೇರು ಇನ್ನೂ ನನ್ನ ಹತ್ತಿರವೇ ಇವೆ. ಪತಸಂಸ್ಥೆಯವರು ಕಂತು ಕೇಳಿದಾಗೊಮ್ಮೆ ಗಿರಣಿಗೆ ಹೋಗಿ, “ಮಾಮಾ, ಮಾರಲೇನ್ರಿ?” ಅಂತ ಕೇಳುತ್ತೇನೆ. ಬೀಗರ ಆಹೇರಿ ಮುಗಿದಿಲ್ಲ, ಅಳಿಯಗ ಗಾಡಿ ಕೊಡಿಸೂದದ, ಇಷ್ಟರಾಗ ಅದು ಏರಿದ್ರ ತಡಕೊಳ್ಳಲಿಕ್ಕೆ ಆಗಂಗಿಲ್ಲ, ಇನ್ನೊಂದು ವರ್ಷ ತಡೀರಿ ಅನ್ನುತ್ತಾರೆ.